ಅರಿಗರು ಬ್ಯಾಟು ಕೆಳಗಿಟ್ಟ ಕಾರಣ

ಸರಕಾರಿ ವಕೀಲರಾಗಿದ್ದ ದೇವಚಂದ್ರ ಅರಿಗರು ತಮ್ಮ ಕ್ರಿಕೆಟ್ ತಂಡದ ಬೌಲರನ್ನು ಉಳಿಸಿಕೊಳ್ಳಲಿಕ್ಕಾಗಿ ಒಂದು ಕಳವಿನ ಕೇಸನ್ನು ಕೈಬಿಟ್ಟರು — ಒಂದು ಕಾಲದಲ್ಲಿ ಬಂಟ್ವಾಳದಿಂದ ಮೂಡುಬಿದಿರೆಯ ತನಕ ಎಲ್ಲರ ಬಾಯಲ್ಲಿಯೂ ಇದೇ ಮಾತು. ಆ ಮಾತು ಸುಳ್ಳು. ಸುಳ್ಳೆಂದು ಖಾತ್ರಿಯಾಗಿ ಗೊತ್ತಿದ್ದವನು ನಾನು. ಗೊತ್ತಿದ್ದೂ ವಿಚಾರಣೆಗೆ ಬಂದ ಅಧಿಕಾರಿಯ ಎದುರು ಅದಕ್ಕೆ ಒತ್ತಾಸೆಯಾಗಿ ಹೇಳಿಕೆ ಕೊಟ್ಟು, ಕೆಳಗೆ ಚೆಂದದ ಅಕ್ಷರದಲ್ಲಿ ಸಹಿ ಹಾಕಿದವನೂ ನಾನೇ.

ಸುಗುಣಮ್ಮ, ಅರಿಗರ ಮಗಳಾಗಿ ನೀವು ನನ್ನಿಂದ ಕೇಳಿದ್ದು ಇದನ್ನಲ್ಲ. ಅಪ್ಪನ ನೆನಪಿಗೆ ಒಂದು ಪುಸ್ತಕ ಮಾಡುತ್ತಿದ್ದೇವೆ, ನ್ಯಾಯಾಧೀಶರಾಗಿ ಅವರನ್ನು ಕಂಡವರು ಬೇಕಾದಷ್ಟು ಜನ ಇದ್ದಾರೆ, ಅವರ ಆಟ ಕಂಡವರು ನೀವೊಬ್ಬರೇ ಉಳಿದದ್ದು, ಎರಡು ಪುಟ ಬರೆದು ಕೊಡಿ ಎಂದಿರಿ. ಆಗಲಿ ಎಂದೆ. ಹೊರಡುವಾಗ ಚಪ್ಪಲಿ ಹಾಕುತ್ತಾ ಇನ್ನೊಂದು ಮಾತು ಕೇಳಿದಿರಿ: "ಅಪ್ಪನಿಗೆ ಮಂಡಿ ನೋವು ಯಾವಾಗ ಶುರುವಾದದ್ದು ಮಾಮ? ಅವರು ಬ್ಯಾಟು ಹಿಡಿದದ್ದನ್ನು ನಾನು ಒಂದು ದಿನವೂ ನೋಡಿದ್ದಿಲ್ಲ."

"ಆ ಕಾಲದಲ್ಲೇ ಇತ್ತಮ್ಮ," ಎಂದು ಗೊಣಗಿದೆ. ಎಂಬತ್ತಾರು ವರ್ಷ ಪ್ರಾಯವಾದ ಮೇಲೂ ನನ್ನ ಬಾಯಿಗೆ ಮೊದಲು ಬಂದದ್ದು ಸುಳ್ಳೇ! ನೀವು ಗೇಟು ದಾಟುವ ತನಕ ನೋಡುತ್ತಾ ನಿಂತೆ. ಕರೆದು ಹೇಳಬಹುದಿತ್ತು — ಕರೆಯಲಿಲ್ಲ. ನಿಮ್ಮ ಅಪ್ಪನಿಗೆ ಮಂಡಿ ನೋವು ಇರಲೇ ಇಲ್ಲ.

ಪುಸ್ತಕ ಓದುವವರಿಗೆ ನಾನು ಯಾರೆಂದು ಗೊತ್ತಿರಲಿಕ್ಕಿಲ್ಲ. ಹೆಸರು ಸೇಸಪ್ಪ ಗೌಡ. ಪೊಲೀಸು ಇಲಾಖೆಯಲ್ಲಿ ಮೂವತ್ತೈದು ವರ್ಷ ಚಾಕರಿ. ಐವತ್ತರ ದಶಕದಲ್ಲಿ ಬೆಳ್ತಂಗಡಿ ಕಡೆಯ ಒಂದು ಠಾಣೆಯಲ್ಲಿ ರೈಟರ್ ಆಗಿದ್ದೆ. ಯಾವ ಠಾಣೆ ಎಂದು ಹೇಳುವುದಿಲ್ಲ. ಈಗ ಅಲ್ಲಿರುವ ಹುಡುಗರು ಆಗ ಹುಟ್ಟಿಯೇ ಇರಲಿಲ್ಲ, ಅವರಿಗೆ ಯಾಕೆ ತಲೆಬಿಸಿ. ರೈಟರ್ ಎಂದರೆ ಠಾಣೆಯ ಬರವಣಿಗೆಯವನು. ದೂರು, ಮಹಜರು, ಸಾಕ್ಷಿಗಳ ಹೇಳಿಕೆ — ಎಲ್ಲ ಅವನ ಕೈಯಿಂದಲೇ ಆಗಬೇಕು.

ನನಗೆ ನನ್ನ ಬರವಣಿಗೆಯ ಮೇಲೆ ಸಣ್ಣ ಕೊಬ್ಬಲ್ಲ. ಸಾಕ್ಷಿ ಬಂದು ತುಳುವಿನಲ್ಲಿ ನಾಲ್ಕು ಮಾತು ತಡವರಿಸಿದರೆ ನಾನು ಅದನ್ನು ಕನ್ನಡದಲ್ಲಿ ಒಂದು ಪುಟ ಮಾಡುತ್ತಿದ್ದೆ. ಸಾಕ್ಷಿ ಎಲ್ಲಿ ಕೂತಿದ್ದ, ಬೆಳದಿಂಗಳು ಇತ್ತೋ ಇಲ್ಲವೋ, ನಾಯಿ ಬೊಗಳಿತೋ ಇಲ್ಲವೋ — ಅವನು ಹೇಳದಿದ್ದರೂ ನಾನು ಹೇಳಿಸುತ್ತಿದ್ದೆ. ಇಂಥ ಹೇಳಿಕೆಗೆ ಸಾಕ್ಷಿಯ ಸಹಿ ಬೇಡ, ಓದಿ ಹೇಳುವ ಪದ್ಧತಿಯೂ ನಮ್ಮಲ್ಲಿ ಇರಲಿಲ್ಲ. ಕೇಳುವವರು ಯಾರು? "ಗೌಡನ ಹೇಳಿಕೆ ಓದಿದರೆ ಸಿನೆಮಾ ನೋಡಿದ ಹಾಗೆ ಮಾರಾಯ," ಎಂದು ನಮ್ಮ ಇನ್ಸ್‌ಪೆಕ್ಟರು ಎಲ್ಲರ ಎದುರು ಹೊಗಳುತ್ತಿದ್ದರು. ನಾನು ಉಬ್ಬುತ್ತಿದ್ದೆ. ಮೂರ್ಖ.

ಅರಿಗರು ಆಗ ಬಂಟ್ವಾಳದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಪೊಲೀಸರ ಕೇಸು ನಡೆಸುವ ಸರಕಾರಿ ವಕೀಲರು. ಮೂವತ್ತು ದಾಟಿತ್ತಷ್ಟೆ. ತೆಳ್ಳಗಿನ ಉದ್ದ ಆಳು, ಮಾತು ಕಡಿಮೆ. ಇಂಥ ಸರಕಾರಿ ವಕೀಲರನ್ನು ನಾನು ಆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಆರೋಪಿಯನ್ನು ಎಲ್ಲರೂ 'ನೀನು' ಎನ್ನುವ ಕಾಲ ಅದು. ಅವರು ಕಟಕಟೆಯಲ್ಲಿ ನಿಂತವನನ್ನೂ ತುಳುವಿನಲ್ಲಿ 'ಈರ್' ಎಂದೇ ಮಾತಾಡಿಸುತ್ತಿದ್ದರು, ದೊಡ್ಡವರಿಗೆ ಹೇಳುವ ಹಾಗೆ. ಕೇಸಿನಲ್ಲಿ ಆರೋಪಿಗೆ ಅನುಕೂಲವಾದದ್ದು ಏನಾದರೂ ಇದ್ದರೆ ಮೊದಲು ತಾವೇ ಎದ್ದು ಕೋರ್ಟಿಗೆ ತಿಳಿಸಿ, ಆಮೇಲೆ ತಮ್ಮ ವಾದ. "ಅರಿಗರೇ, ನನಗೂ ಸ್ವಲ್ಪ ಕೆಲಸ ಉಳಿಸಿ," ಎಂದು ಎದುರು ಪಾರ್ಟಿಯ ವಕೀಲರು ತಮಾಷೆ ಮಾಡುತ್ತಿದ್ದರು. ಹಾಗಂತ ಮೆತ್ತಗಿನವರು ಎಂದುಕೊಳ್ಳಬೇಡಿ. ತಪ್ಪು ಮಾಡಿದವನು ಅವರ ಪ್ರಶ್ನೆಗಳ ಎದುರು ಕಾಲು ಗಂಟೆ ನಿಲ್ಲುತ್ತಿರಲಿಲ್ಲ.

ಆದಿತ್ಯವಾರ ಅವರು ಬೇರೆಯೇ ಮನುಷ್ಯ. ಕೋರ್ಟಿನ ಗುಮಾಸ್ತರು, ಇಬ್ಬರು ವಕೀಲರು, ಒಬ್ಬ ಹೈಸ್ಕೂಲು ಮೇಷ್ಟ್ರು, ಪೊಲೀಸಿನಿಂದ ನಾನು, ಹೀಗೆ ಅಲ್ಲಿ ಇಲ್ಲಿ ಹೆಕ್ಕಿ ಒಂದು ತಂಡ ಕಟ್ಟಿದ್ದರು. ಮೂಡುಬಿದಿರೆಯ ಮೈದಾನದಲ್ಲಿ ನಾರಿನ ಮ್ಯಾಟು ಹಾಸಿ ಆಟ. ಅರಿಗರು ಬ್ಯಾಟು ಹಿಡಿದು ನಿಂತರೆ — ನನಗೆ ಇದನ್ನು ಬರೆಯಲಿಕ್ಕೆ ಬರುವುದಿಲ್ಲ, ಹೇಳಿಕೆ ಬರೆದ ಕೈ ಇದು — ಅವರು ಚೆಂಡಿಗೆ ಹೊಡೆಯುತ್ತಿರಲಿಲ್ಲ, ಹೋಗಲು ದಾರಿ ತೋರಿಸುತ್ತಿದ್ದರು ಅನ್ನಬೇಕು. ಆಫ್ ಸೈಡಿಗೆ ಒಂದು ಹೊಡೆತ ಇತ್ತು; ಫೀಲ್ಡರ್ ಬಗ್ಗುವುದರ ಒಳಗೆ ಚೆಂಡು ಬೇಲಿಯ ಹತ್ತಿರ. ಕೋರ್ಟಿನಲ್ಲಿ ನಗದ ಮನುಷ್ಯ ಅಲ್ಲಿ ಹಲ್ಲು ಕಾಣುವ ಹಾಗೆ ನಗುತ್ತಿದ್ದರು. ಅವರು ಜೈನರು, ಸೂರ್ಯ ಮುಳುಗಿದ ಮೇಲೆ ಒಂದು ತುತ್ತು ಬಾಯಿಗಿಡುವವರಲ್ಲ. ಹಾಗಾಗಿ ಎಷ್ಟೇ ಬಿಸಿ ಏರಿದ ಆಟವಾದರೂ ಐದು ಗಂಟೆಗೆ ನಿಲ್ಲಬೇಕು, ಅವರು ಮನೆಗೆ ಹೋಗಿ ಊಟ ಮಾಡಬೇಕು. "ಅರಿಗರನ್ನು ಬೌಲರ್ ಔಟು ಮಾಡದಿದ್ದರೂ ಹಸಿವು ಮಾಡ್ತದೆ," ಎಂದು ನಾವು ಅವರ ಎದುರೇ ಕೀಟಲೆ ಮಾಡುತ್ತಿದ್ದೆವು.

ನಾನು ವಿಕೆಟ್ ಕೀಪರ್. ಕ್ಯಾಚು ಹಿಡಿದು ನಾವೆಲ್ಲ ಬೊಬ್ಬೆ ಹೊಡೆದಾಗ ಅರಿಗರು ಸ್ಲಿಪ್ಪಿನಿಂದ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದರು: "ನೆಲಕ್ಕೆ ತಾಗಲಿಲ್ಲ ಅಲ್ಲ?" ನಾನು ಇಲ್ಲವೆಂದರೆ ಮುಗಿಯಿತು. ತಾಗಿತು ಎಂದರೆ ಅಂಪೈರು ಬೆರಳೆತ್ತಿದ್ದರೂ ಬ್ಯಾಟ್ಸ್‌ಮನ್‌ನನ್ನು ತಾವೇ ವಾಪಸು ಕರೆಯುತ್ತಿದ್ದರು. ಒಮ್ಮೆ ಮಾತ್ರ ಕೇಳುವುದು, ಎರಡನೇ ಸಲ ಇಲ್ಲ. ಅವರು ನನ್ನ ಮಾತನ್ನು ಹಾಗೆ ನಂಬುತ್ತಿದ್ದರು, ಸುಗುಣಮ್ಮ. ಮೈದಾನದಲ್ಲಿ ನಾನು ಒಂದು ಸಲವೂ ಅವರಿಗೆ ಸುಳ್ಳು ಹೇಳಿದ್ದಿಲ್ಲ. ಅದನ್ನು ಹೇಳಿಕೊಳ್ಳುವ ಮುಖವೂ ಈಗ ನನಗಿಲ್ಲ.

ನಮ್ಮ ಬೌಲರ್ ಕೊರಗಪ್ಪ. ವೇಣೂರಿನವನು, ಮರದ ಡಿಪೋದಲ್ಲಿ ದಿಮ್ಮಿ ಹೊರುವ ಕೆಲಸ, ನನ್ನದೇ ಪ್ರಾಯ. ಬರಿಗಾಲಲ್ಲಿ ಓಡಿ ಬಂದು ಚೆಂಡು ಬಿಟ್ಟರೆ ನನ್ನ ಕೈಯ ಗ್ಲೌಸಿನ ಒಳಗೆ ಬೆರಳು ಜುಮ್ಮೆನ್ನುತ್ತಿತ್ತು. ಅವನನ್ನು ಹುಡುಕಿ ತಂದವರು ಅರಿಗರೇ. ವಕೀಲರ ಜೊತೆ ಕೂಲಿಯವನು ಆಡುವುದೇ ಎಂದು ಕೆಲವರು ಮುಖ ಸಿಂಡರಿಸಿದ್ದರು. ಅರಿಗರು ಮುಂದಿನ ವಾರ ಚಹಾ ಕುಡಿಯುವಾಗ ಕೊರಗಪ್ಪನ ಪಕ್ಕದಲ್ಲಿ ಹೋಗಿ ಕೂತರು.

ಹೀಗಿರುವಾಗ ವೇಣೂರಿನ ಆಚೆ ಒಬ್ಬ ದೊಡ್ಡ ಧಣಿಯ ಮನೆಯಿಂದ ಎರಡು ಕಂಚಿನ ಕಾಲುದೀಪ ಕಾಣೆಯಾದವು. ಹಿಂದಿನ ದಿನ ಆ ಮನೆಗೆ ಮರ ಹಾಕಲು ಹೋಗಿದ್ದವರಲ್ಲಿ ಕೊರಗಪ್ಪನೂ ಇದ್ದ. ಧಣಿಗಳು ದಿನಾ ಠಾಣೆಗೆ ಆಳು ಕಳಿಸುವುದು, ಇನ್ಸ್‌ಪೆಕ್ಟರಿಗೆ ಮೇಲಿನಿಂದ ಒತ್ತಡ. ಅಂತೂ ಕೊರಗಪ್ಪನನ್ನು ಹಿಡಿದು ತಂದರು. ಮಾಲು ಸಿಗಲಿಲ್ಲ. ಇದ್ದ ಸಾಕ್ಷಿ ಒಂದೇ — ಹೊಳೆಯ ದಾರಿಯಲ್ಲಿ ಬೆಲ್ಲ, ಅವಲಕ್ಕಿಯ ಅಂಗಡಿ ಇಟ್ಟಿದ್ದ ಶಾಂತಿರಾಜ ಜೈನ್. ಆ ಮನುಷ್ಯ ಠಾಣೆಗೆ ಬಂದು ಹೇಳಿದ್ದು ಇಷ್ಟು: "ಕತ್ತಲೆಯಲ್ಲಿ ಯಾರೋ ಒಬ್ಬ ಗೋಣಿ ಹೊತ್ತುಕೊಂಡು ಹೊಳೆಯ ಕಡೆಗೆ ಹೋದ. ಯಾರು ಅಂತ ನನಗೆ ಗೊತ್ತಾಗಲಿಲ್ಲ."

ಅವನು ಹೋದ ಮೇಲೆ ಇನ್ಸ್‌ಪೆಕ್ಟರು ನನ್ನ ಮೇಜಿಗೆ ಒರಗಿ ನಿಂತು, "ಗೊತ್ತಾಯಿತು ಅಂತ ಬರಿ ಗೌಡ," ಎಂದರು. ಅಷ್ಟೇ. ಬೈಯಲಿಲ್ಲ, ಹೆದರಿಸಲಿಲ್ಲ. ಹೆದರಿಸಿದ್ದರೆ ಇವತ್ತು ನನಗೆ ಹೇಳಿಕೊಳ್ಳಲಿಕ್ಕೆ ಏನಾದರೂ ಇರುತ್ತಿತ್ತೋ ಏನೋ.

ನಾನು ಬರೆದೆ. ಕೊರಗಪ್ಪನ ಜೊತೆ ಹಿಂದಿನ ಆದಿತ್ಯವಾರವಷ್ಟೇ ಒಂದೇ ತಂಬಿಗೆಯಿಂದ ನೀರು ಕುಡಿದವನು ಕೂತು ಬರೆದೆ. ಬರೆಯುವಾಗ ನನ್ನ ಹಾಳು ಚಪಲ ಬೇರೆ. ರಾತ್ರಿಯ ಸಂಗತಿ ಇರುವ ಎಲ್ಲ ಹೇಳಿಕೆಗೂ ನಾನು ಹಾಕುತ್ತಿದ್ದ ಒಂದು ಸಾಲು ಇತ್ತು. ಕೈ ತಾನಾಗಿ ಅದನ್ನೇ ಬರೆಯಿತು: 'ನಾನು ರಾತ್ರಿ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಅಂಗಡಿಯ ಜಗಲಿಯಲ್ಲಿ ಕುಳಿತಿದ್ದಾಗ, ಸುಮಾರು ಒಂಬತ್ತು ಗಂಟೆಗೆ...' ಶಾಂತಿರಾಜ ಜೈನರವನು. ಅವನು ರಾತ್ರಿ ಊಟ ಮಾಡುವವನಲ್ಲ. ಇದು ನನಗೆ ಗೊತ್ತಿಲ್ಲದ್ದೇ? ಅರಿಗರ ಹಸಿವಿನ ತಮಾಷೆ ಮಾಡಿಕೊಂಡು ತಿರುಗಿದವನು ನಾನು! ಆದರೆ ಮನಸ್ಸು ಸತ್ಯದ ಹತ್ತಿರ ಇಲ್ಲದಿದ್ದಾಗ ಕೈ ಏನನ್ನೂ ನೋಡುವುದಿಲ್ಲ. ಎರಡು ಸಲ ಓದಿದೆ, ಚೆಂದ ಆಗಿದೆ ಎಂದುಕೊಂಡೆ.

ಈ ನಡುವೆ ಅರಿಗರು ಒಂದು ಕೆಲಸ ಮಾಡಿದ್ದರು. ಕೊರಗಪ್ಪನ ಹೆಸರು ಕೇಳಿದ ದಿನವೇ ಮಂಗಳೂರಿಗೆ, ತಮ್ಮ ಮೇಲಿನವರಿಗೆ ಒಂದು ಕಾಗದ ಬರೆದರು — ಈ ಆರೋಪಿ ನನ್ನ ತಂಡದಲ್ಲಿ ಆಡುವವರು, ಈ ಕೇಸು ನಾನು ನಡೆಸುವುದು ಸರಿಯಲ್ಲ, ಬೇರೆ ವಕೀಲರನ್ನು ಕೊಡಬೇಕು ಎಂದು. ನಾನು ಆ ದಿನ ಕೋರ್ಟು ಕೆಲಸಕ್ಕೆ ಬಂಟ್ವಾಳಕ್ಕೆ ಹೋಗಿದ್ದೆ. "ಸೇಸಪ್ಪ, ಪೋಸ್ಟಿಗೆ ಹಾಕಿ ಬಿಡು," ಎಂದು ನನ್ನ ಕೈಯಲ್ಲೇ ಕೊಟ್ಟರು. ಲಕೋಟೆ ಅಂಟಿಸುವ ಮೊದಲು ಓದಿಯೂ ತೋರಿಸಿದರು. ನಾನು ಹಾಕಿದೆ, ಆ ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೇನೆ. ಆದರೆ ಮಂಗಳೂರಿನಿಂದ ಉತ್ತರ ಬರಲಿಲ್ಲ, ಬೇರೆ ವಕೀಲರೂ ಬರಲಿಲ್ಲ. ಕೇಸಿನ ದಿನ ಹತ್ತಿರ ಬಂತು.

ಹಿಂದಿನ ದಿನ ಮಧ್ಯಾಹ್ನ ಕೋರ್ಟಿನ ಜಗಲಿಯಲ್ಲಿ ಅರಿಗರು ನನ್ನನ್ನು ಕರೆದರು. ಮಡಿಲಲ್ಲಿ ಶಾಂತಿರಾಜನ ಹೇಳಿಕೆ. ಆ ಸಾಲಿನ ಮೇಲೆ ಅವರ ಬೆರಳು.

"ಸೇಸಪ್ಪ, ಇದು ಅವರು ಹೇಳಿದ ಮಾತಾ?"

"ಹೌದು ಸ್ವಾಮಿ. ಅಕ್ಷರ ಅಕ್ಷರ."

ಅವರು ಬೆರಳು ತೆಗೆಯಲಿಲ್ಲ. ನಾನು ಆಗ ಆ ಸಾಲನ್ನು ಓದಿದೆ. ಒಮ್ಮೆ ಮಾತ್ರ ಕೇಳುವ ಮನುಷ್ಯ ಆ ದಿನ ಎರಡನೇ ಸಲ ಕೇಳಿದರು — "ನೋಡಿ ಹೇಳು ಸೇಸಪ್ಪ. ಅವರು ಹೇಳಿದ್ದಾ, ನೀನು ಬರೆದದ್ದಾ?"

ಅಷ್ಟು ಮೆತ್ತಗೆ ಕೇಳಿದರು. ನನಗೆ ತಪ್ಪಿಸಿಕೊಳ್ಳಲಿಕ್ಕೆ ಅಲ್ಲ, ನಿಜ ಹೇಳಲಿಕ್ಕೆ ದಾರಿ ಮಾಡಿಕೊಟ್ಟರು. 'ನಾನು ಬರೆದದ್ದು ಸ್ವಾಮಿ, ತಪ್ಪಾಯಿತು' ಎಂದಿದ್ದರೆ — ಆ ಒಂದು ಮಾತಿಗೆ ಎಷ್ಟು ಹೊತ್ತು ಬೇಕು? ನಾನು ಹೇಳಿದ್ದು: "ಅವರೇ ಹೇಳಿದ್ದು ಸ್ವಾಮಿ. ಈಗಿನವರು ಅಷ್ಟೆಲ್ಲ ನೇಮ ನೋಡುವುದಿಲ್ಲ ಅಲ್ಲವಾ."

ಅರಿಗರು ಕಾಗದ ಮಡಚಿದರು. ಮೂರು ಗಂಟೆಯ ಬಸ್ಸು ಹತ್ತಿ ವೇಣೂರಿಗೆ ಹೋದರು ಎಂದು ಆಮೇಲೆ ತಿಳಿಯಿತು. ಶಾಂತಿರಾಜನ ಅಂಗಡಿಯ ಎದುರು ನಿಂತು ಕೇಳಿದ್ದು ಒಂದೇ ಪ್ರಶ್ನೆಯಂತೆ: "ನೀವು ಕಂಡದ್ದು ಯಾರನ್ನು?" ಶಾಂತಿರಾಜ ಠಾಣೆಯಲ್ಲಿ ಹೇಳಿದ್ದನ್ನೇ ಹೇಳಿದ — ಯಾರೋ, ಗೊತ್ತಾಗಲಿಲ್ಲ.

ಮರುದಿನ ಅವರು ಕೋರ್ಟಿನಲ್ಲಿ ಎದ್ದು ನಿಂತದ್ದು ನನ್ನ ಕಣ್ಣಿಗೆ ಈಗಲೂ ಕಟ್ಟಿದ ಹಾಗಿದೆ. ಕರಿ ಕೋಟಿನ ಗುಂಡಿ ಮೇಲಿನ ತನಕ ಹಾಕಿದ್ದರು. ಸ್ವರ ಎತ್ತಲಿಲ್ಲ. ಆರೋಪಿ ತಮಗೆ ಪರಿಚಯದವರು ಎಂದು ಮೊದಲೇ ತಿಳಿಸಿದರು. ಆಮೇಲೆ, ಕಡತದಲ್ಲಿ ಇರುವ ಹೇಳಿಕೆ ಸಾಕ್ಷಿಯ ಮಾತಲ್ಲ ಎಂದು ತಮಗೆ ಮನವರಿಕೆಯಾಗಿದೆ, ಬೇರೆ ಪುರಾವೆ ಇಲ್ಲ, ಸುಳ್ಳೆಂದು ತಿಳಿದದ್ದನ್ನು ಸರಕಾರದ ಹೆಸರಿನಲ್ಲಿ ಮುಂದಿಡಲಾರೆ, ಕೇಸು ಹಿಂದೆಗೆಯಲು ಅಪ್ಪಣೆ ಬೇಕು ಎಂದರು. ಬರೆದವನು ಯಾರೆಂದು ಹೇಳಲಿಲ್ಲ. ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ. ಕೊರಗಪ್ಪ ಬಿಡುಗಡೆಯಾದ. ಆ ಗಳಿಗೆಯಲ್ಲಿ ನನಗೆ ಅನಿಸಿದ್ದು ಏನು ಗೊತ್ತೇ — ನಾಚಿಕೆಯಲ್ಲ, ಸಿಟ್ಟು. ನನ್ನ ಬರವಣಿಗೆಯನ್ನು ಹೀಗೆ ಹರಿದು ಹಾಕಿದರಲ್ಲ ಎಂಬ ಸಿಟ್ಟು. ಅಯ್ಯೋ ದೇವರೇ, ಎಂಥ ಮನುಷ್ಯ ನಾನು!

ಇನ್ಸ್‌ಪೆಕ್ಟರು ಸುಮ್ಮನೆ ಕೂರುವವರಲ್ಲ. ಮುಂದಿನ ಆದಿತ್ಯವಾರ ಕಾರ್ಕಳದ ತಂಡದ ಜೊತೆ ದೊಡ್ಡ ಆಟ ಇತ್ತು. ಬೌಲರ್ ಜೈಲಿನಲ್ಲಿದ್ದರೆ ಸೋಲುತ್ತೇವೆಂದು ಅರಿಗರು ಕಳ್ಳನನ್ನು ಬಿಡಿಸಿದರು ಎಂದು ಮೇಲಕ್ಕೆ ದೂರು ಹೋಯಿತು. ಧಣಿಗಳೂ ಅದಕ್ಕೆ ಕೈ ಸೇರಿಸಿದರು. ಅಂಗಡಿ, ಬಸ್ಸು, ಕ್ಷೌರದ ಕುರ್ಚಿ — ಎಲ್ಲಿ ಹೋದರೂ ಅದೇ ಮಾತು, ಅದೇ ನಗೆ. ಒಂದು ತಿಂಗಳೊಳಗೆ ವಿಚಾರಣೆಗೆ ಮಂಗಳೂರಿನಿಂದ ಒಬ್ಬರು ಅಧಿಕಾರಿ ಬಂದು ಟ್ರಾವೆಲರ್ಸ್ ಬಂಗ್ಲೆಯಲ್ಲಿ ಕೂತರು. ನಾನೇ ಮುಖ್ಯ ಸಾಕ್ಷಿ.

ಅರಿಗರು ಎದುರಿನ ಕುರ್ಚಿಯಲ್ಲಿ ಇದ್ದರು. ಅಧಿಕಾರಿ ಕೇಳಿದರು, ಶಾಂತಿರಾಜನ ಹೇಳಿಕೆ ಅವನು ಹೇಳಿದ ಹಾಗೆಯೇ ಬರೆದದ್ದೋ? ಹೌದು ಎಂದೆ. ಅರಿಗರು ಈ ಕೇಸು ತನಗೆ ಬೇಡವೆಂದು ಮೊದಲೇ ಕಾಗದ ಬರೆದಿದ್ದೆ ಎನ್ನುತ್ತಾರೆ, ಮಂಗಳೂರಿನ ಕಚೇರಿಯಲ್ಲಿ ಅಂಥ ಕಾಗದ ಸಿಗುವುದಿಲ್ಲ, ನಿನಗೇನಾದರೂ ಗೊತ್ತುಂಟೋ? ಗೊತ್ತಿಲ್ಲ ಎಂದೆ. ಆ ಕಾಗದವನ್ನು ಪೆಟ್ಟಿಗೆಗೆ ಹಾಕಿದ್ದ ಇದೇ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು — ಗೊತ್ತಿಲ್ಲ ಎಂದೆ.

ಅಧಿಕಾರಿ ಅರಿಗರ ಕಡೆಗೆ ತಿರುಗಿ, "ಸಾಕ್ಷಿಗೆ ಏನಾದರೂ ಪ್ರಶ್ನೆ ಉಂಟಾ?" ಎಂದರು.

ಎಂತೆಂಥವರನ್ನು ಕಾಲು ಗಂಟೆಯಲ್ಲಿ ಸುಲಿದು ಇಟ್ಟ ಮನುಷ್ಯ! 'ರಾತ್ರಿ ಊಟದ ಸಾಲು ಎಲ್ಲಿಂದ ಬಂತು?' ಎಂದು ಒಂದು ಪ್ರಶ್ನೆ ಕೇಳಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ನನ್ನ ಕೆಲಸ ಹೋಗುತ್ತಿತ್ತು, ಜೈಲೂ ಆಗುತ್ತಿತ್ತು. ನನಗೆ ಮದುವೆಯಾಗಿ ಆರು ತಿಂಗಳು. ಮದುವೆಯ ಊಟಕ್ಕೆ ಅರಿಗರು ಮಧ್ಯಾಹ್ನವೇ ಬಂದು ಎಲೆಯ ಮುಂದೆ ಕೂತಿದ್ದರು. ಅವರು ನನ್ನ ಮುಖ ನೋಡಿದರು.

"ಇಲ್ಲ," ಎಂದರು.

ಆ 'ಇಲ್ಲ'ದಲ್ಲಿ ಕರುಣೆ ಇತ್ತೋ, ಹೇಸಿಗೆ ಇತ್ತೋ — ಇಷ್ಟು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೆ, ಗೊತ್ತಾಗಲಿಲ್ಲ. ಅವರು ನನ್ನನ್ನು ಉಳಿಸಿದರು ಎಂದಷ್ಟೇ ಗೊತ್ತು. ತಮ್ಮ ಹೆಸರು ಕೊಟ್ಟು ಉಳಿಸಿದರು.

ವಿಚಾರಣೆಯಲ್ಲಿ ಏನೂ ರುಜುವಾತಾಗಲಿಲ್ಲ. ಆದರೆ ಅವರ ಕಡತದಲ್ಲಿ 'ಸಂಶಯ ನಿವಾರಣೆಯಾಗಿಲ್ಲ' ಎಂಬರ್ಥದ ಒಂದು ಟಿಪ್ಪಣಿ ಕೂತಿತು. ಮರುವರ್ಷ ಮುನ್ಸೀಫರ ಆಯ್ಕೆಯಲ್ಲಿ ಅವರ ಹೆಸರು ಬಿಟ್ಟುಹೋಯಿತು. ಅದರ ಮರುವರ್ಷವೂ. ಅವರ ಕೈಕೆಳಗೆ ಕಲಿತ ಹುಡುಗರು ನ್ಯಾಯಾಧೀಶರಾಗಿ ಕೂತರು, ಇವರು ಅವರ ಎದುರು ಎದ್ದು ನಿಂತು 'ಸ್ವಾಮಿ' ಎಂದು ವಾದ ಮಾಡಿದರು. ಆರು ವರ್ಷ. ಆಮೇಲೆ ಯಾರೋ ಒಬ್ಬ ಹೊಸ ಅಧಿಕಾರಿ ಕಡತವನ್ನು ಕೂತು ಓದಿ ಸರಿ ಮಾಡಿದರಂತೆ. ನನಗೆ ಮಾತ್ರ ಒಂದೇ ವರ್ಷದಲ್ಲಿ ಬಡ್ತಿ ಸಿಕ್ಕಿತು. ಮನೆಯಲ್ಲಿ ಪಾಯಸ ಮಾಡಿದರು, ನಾನು ಎರಡು ಸಲ ಹಾಕಿಸಿಕೊಂಡು ತಿಂದೆ.

ವಿಚಾರಣೆ ಮುಗಿದ ವಾರದ ಆದಿತ್ಯವಾರ ಅರಿಗರು ಮೈದಾನಕ್ಕೆ ಬಂದರು, ಬಿಳಿ ಪ್ಯಾಂಟು ಇಲ್ಲ, ಪಂಚೆ ಉಟ್ಟು. ಬ್ಯಾಟನ್ನು ಹೈಸ್ಕೂಲು ಮೇಷ್ಟ್ರ ಕೈಗೆ ಕೊಟ್ಟು, "ಮಂಡಿ ನೋವು ಮಾರಾಯ್ರೆ, ಇನ್ನು ನೀವು ಆಡಿ," ಎಂದರು. ಮೈದಾನವನ್ನು ಒಂದು ಸುತ್ತು ನಡೆದರು. ಮಂಡಿ ನೋವಿನವರು ಹಾಗೆ ನಡೆಯುವುದಿಲ್ಲ, ಸುಗುಣಮ್ಮ. ನಮ್ಮ ತಂಡದ ವಕೀಲರೊಬ್ಬರು ಬಿಡಲಿಲ್ಲ, ಕೆದಕಿ ಕೇಳಿದರು. ಅವರಿಗೆ ಹೇಳಿದ ಮಾತು ನನ್ನ ಕಿವಿಗೆ ಬಂತು: "ನ್ಯಾಯದ ಕೆಲಸ ಮಾಡುವವನ ಬಗ್ಗೆ ಇಂಥ ಮಾತು ಹುಟ್ಟಬಾರದು. ಹುಟ್ಟಿತಲ್ಲ. ಇನ್ನು ನಾನು ಆಡಿದರೆ ಪ್ರತಿ ಆಟಕ್ಕೂ ಅದು ಬೆಳೀತದೆ." ಅವರಿಗಾಗ ಮೂವತ್ತನಾಲ್ಕು ವರ್ಷ. ಆ ವರ್ಷ ಆಡಿದಷ್ಟು ಚೆಂದವಾಗಿ ಅವರು ಹಿಂದೆಂದೂ ಆಡಿರಲಿಲ್ಲ. ನನ್ನಿಂದ ಎರಡು ಪುಟದ ಆಟದ ವರ್ಣನೆ ಕೇಳಿದಿರಲ್ಲ — ಆಟ ಮುಗಿದದ್ದು ಹೀಗೆ. ಮುಗಿಸಿದವನು ನಾನು.

ಕೊರಗಪ್ಪನನ್ನು ಡಿಪೋದವರು ಕೆಲಸಕ್ಕೆ ವಾಪಸು ತೆಗೆದುಕೊಳ್ಳಲಿಲ್ಲ. ಕೋರ್ಟು ಬಿಟ್ಟರೂ ಊರು ಬಿಡಬೇಕಲ್ಲ. ಎರಡು ವರ್ಷದ ಮೇಲೆ ಆ ದೀಪಗಳು ಧಣಿಯ ಸ್ವಂತ ಅಳಿಯನ ಮನೆಯ ಅಟ್ಟದಲ್ಲಿ ಸಿಕ್ಕಿದವು. ಸದ್ದಿಲ್ಲದೆ ಹಿಂದೆ ಬಂದವು, ಕೇಸಿಲ್ಲ ಗೀಸಿಲ್ಲ. ನನಗೆ ಗೊತ್ತಾಗಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ.

ಅರುವತ್ತರ ದಶಕದಲ್ಲಿ ಅರಿಗರು ಕೊನೆಗೂ ನ್ಯಾಯಾಧೀಶರಾದರು. ಅವರ ಕೋರ್ಟಿನ ಬಗ್ಗೆ ನಿಮ್ಮ ಪುಸ್ತಕದಲ್ಲಿ ದೊಡ್ಡವರು ಬರೆದಿರುತ್ತಾರೆ, ನಾನು ಏನು ಹೇಳಲಿ. ತೀರ್ಪು ಓದಿದ ಮೇಲೆ ಸೋತವನನ್ನು ಹತ್ತಿರ ಕರೆದು, ಯಾಕೆ ಸೋತದ್ದೆಂದು ತುಳುವಿನಲ್ಲಿ ಬಿಡಿಸಿ ಹೇಳುತ್ತಿದ್ದರು. ಹಳ್ಳಿಯಿಂದ ಬಂದ ಹೆಂಗಸರಿಗೆ ಕೂರಲು ಬೆಂಚು ಹಾಕಿಸಿದ್ದರು. ಇಷ್ಟು ನಾನೇ ಕಂಡದ್ದು — ಯಾಕೆಂದರೆ ಒಮ್ಮೆ ನಾನೇ ಅವರ ಎದುರು ಸಾಕ್ಷಿ ಹೇಳಬೇಕಾಯಿತು. ವಿಟ್ಲದ ಸಂತೆಯಲ್ಲಿ ಆದ ಒಂದು ಚೂರಿ ಇರಿತದ ಕೇಸು. ನಾನಾಗ ಸಬ್ ಇನ್ಸ್‌ಪೆಕ್ಟರ್, ಕಣ್ಣಾರೆ ಕಂಡಿದ್ದೆ. ಕಟಕಟೆ ಹತ್ತುವಾಗ, ಈ ಮನುಷ್ಯನಿಗೆ ನನ್ನ ಬಣ್ಣ ಗೊತ್ತುಂಟು, ನನ್ನ ಒಂದು ಮಾತನ್ನೂ ನಂಬಲಿಕ್ಕಿಲ್ಲ, ನಂಬಬಾರದು ಕೂಡ ಎಂದುಕೊಂಡೆ. ಅವರು ಎಲ್ಲ ಸಾಕ್ಷಿಗಳ ಮಾತು ಬರೆದುಕೊಂಡ ಹಾಗೆ ನನ್ನದನ್ನೂ ಬರೆದುಕೊಂಡರು. ಕೆಲವು ದಿನ ಕಳೆದು ತೀರ್ಪಿನಲ್ಲಿ ಓದಿದರು — ಈ ಸಾಕ್ಷಿಯನ್ನು ನಂಬದಿರಲು ಕಾರಣ ಕಾಣುವುದಿಲ್ಲ.

ಕಾರಣ ಕಾಣುವುದಿಲ್ಲ! ಅವರಿಗೆ! ಆರು ವರ್ಷ ಕಳಕೊಂಡವರು, ಬ್ಯಾಟು ಕೆಳಗಿಟ್ಟವರು — ಆ ಕೇಸಿನಲ್ಲಿ ಇದ್ದ ಪುರಾವೆ ಬಿಟ್ಟು ಬೇರೆ ಏನನ್ನೂ ತಕ್ಕಡಿಗೆ ಹಾಕಲಿಲ್ಲ. ನಾನು ತಡೆಯಲಾರದೆ ಸಂಜೆ ಅವರ ಚೇಂಬರಿನ ಬಾಗಿಲಲ್ಲಿ ಹೋಗಿ ನಿಂತೆ. ಎಲ್ಲ ಹೇಳಿಬಿಡಬೇಕೆಂದೇ ಹೋದದ್ದು.

"ಏನು ಸೇಸಪ್ಪ? ಈ ಕೇಸಿನಲ್ಲಿ ನೀನು ಹೇಳಿದ್ದು ನಿಜ ತಾನೆ?" ಎಂದರು.

"ನಿಜ ಸ್ವಾಮಿ."

"ಹಾಗಾದರೆ ಆಯಿತಲ್ಲ. ಹೆಂಡತಿ ಮಕ್ಕಳು ಸೌಖ್ಯವಾ?"

ಸೌಖ್ಯ ಎಂದೆ. ಅವರು ಗಡಿಯಾರ ನೋಡಿದರು, ಊಟಕ್ಕೆ ಹೊರಡುವ ಹೊತ್ತು. ನಾನು ಸೆಲ್ಯೂಟು ಹೊಡೆದು ಹೊರಗೆ ಬಂದೆ. ಅವರು ಕ್ಷಮಿಸಿದರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಇಷ್ಟು ವರ್ಷ ಬದುಕಿದೆ. ಕೇಳದೇ ಇದ್ದವನಿಗೆ ಕ್ಷಮೆ ಎಲ್ಲಿಂದ ಬರುತ್ತದೆ? ಮತ್ತೆ ಹೋಗಿ ಹೇಳುವ ಎಂದುಕೊಂಡೆ — ವರ್ಗವಾಯಿತು, ಮಕ್ಕಳ ಶಾಲೆ, ಮನೆ ಕಟ್ಟುವುದು, ಅದು ಇದು. ಒಂದು ದಿನ ಬಸ್ಸಿನಲ್ಲಿ ಯಾರದೋ ಕೈಯ ಪೇಪರಿನಲ್ಲಿ ಅವರ ಫೋಟೋ ಕಂಡೆ, ಕೆಳಗೆ ನಿಧನ ಎಂದಿತ್ತು.

ಸುಗುಣಮ್ಮ, ಅವರ ಆಟ ಕಂಡವನು ನಾನೊಬ್ಬನೇ ಉಳಿದದ್ದು ಎಂದಿರಿ. ಅಲ್ಲ. ಕೊರಗಪ್ಪ ಇದ್ದಾನೆ. ಅ‍ವನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಅಷ್ಟೆ. ಮೇಲಿನದನ್ನು ಬರೆದು ಮುಗಿಸಿದ ಮರುದಿನ ಮೊಮ್ಮಗನ ಕಾರಿನಲ್ಲಿ ವೇಣೂರಿಗೆ ಹೋದೆ. ಮಗಳ ಮನೆಯ ಜಗಲಿಯಲ್ಲಿ ಕೂತಿದ್ದ, ಬೆನ್ನು ಪೂರ್ತಿ ಬಗ್ಗಿದೆ. ನನ್ನ ಗುರ್ತ ಹಿಡಿದ. ಕೂತುಕೋ ಎಂದ. ನಾನು ಕೂರದೆ, ಮೊದಲಿನಿಂದ ಕೊನೆಯ ತನಕ ತುಳುವಿನಲ್ಲಿ ಓದಿ ಹೇಳಿದೆ. ಅವನ ಮಗಳು ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದಳು.

ಮುಗಿದ ಮೇಲೆ ಅವನು, "ಅದನ್ನು ಬರೆದದ್ದು ನೀನು ಅಂತ ನನಗೆ ಗೊತ್ತಿರಲಿಲ್ಲ," ಎಂದ.

ನಾನೇ ಬರೆದದ್ದು ಎಂದೆ.

"ನನ್ನಿಂದಾಗಿ ಅರಿಗರಿಗೆ ಹಾಗೆ ಆಯಿತು ಅಂತ ನಾನು ಆಮೇಲೆ ಅವರ ಎದುರು ಹೋಗಲೇ ಇಲ್ಲ. ರಸ್ತೆಯಲ್ಲಿ ಬರುವುದು ಕಂಡರೆ ಓಣಿಗೆ ಹೊಕ್ಕುತ್ತಿದ್ದೆ. ಇವತ್ತಿನ ತನಕ ನಾನೇ ಕಾರಣ ಅಂದುಕೊಂಡಿದ್ದೆನಲ್ಲ ಸೇಸಪ್ಪ."

ಅರಿಗರು ಕಳಕೊಂಡದ್ದನ್ನು ನಾನು ಇಷ್ಟು ವರ್ಷ ಎಣಿಸಿದ್ದೆ. ಇದನ್ನು ಎಣಿಸಿರಲಿಲ್ಲ.

ಕಣ್ಣು ಒರಸಿಕೊಂಡು ಅವನು ಕೇಳಿದ, "ಇದು ಪುಸ್ತಕದಲ್ಲಿ ಬರ್ತದಾ?" ಸುಗುಣಮ್ಮ ಒಪ್ಪಿದರೆ ಬರುತ್ತದೆ ಎಂದೆ. "ನನಗೆ ಓದಲಿಕ್ಕೆ ಬರುವುದಿಲ್ಲ, ಊರಿನಲ್ಲಿ ಅರ್ಧ ಜನ ಓದುವುದೂ ಇಲ್ಲ. ನಮ್ಮನ್ನು ಕಳ್ಳರು ಅಂದದ್ದು ಎಲ್ಲರ ಎದುರು. ಇದನ್ನೂ ಎಲ್ಲರ ಎದುರೇ ಹೇಳು."

ಹಾಗಾಗಿ ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಪುಸ್ತಕ ಬಿಡುಗಡೆಯ ದಿನ ಮೂಡುಬಿದಿರೆಯ ಸಭೆಯಲ್ಲಿ ನನಗೆ ಹತ್ತು ನಿಮಿಷ ಕೊಡಿ. ಹಾರ ಬೇಡ, ಶಾಲು ಬೇಡ, ವೇದಿಕೆಯಲ್ಲಿ ಕುರ್ಚಿಯೂ ಬೇಡ. ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಮಾತ್ರ ಖಾಲಿ ಇಡಿ — ಒಂದು ಕೊರಗಪ್ಪನಿಗೆ, ಇನ್ನೊಂದು ಅವನ ಮಗಳಿಗೆ. ಕರೆದುಕೊಂಡು ಬರುವುದು ನನ್ನ ಜವಾಬ್ದಾರಿ. ನಾನು ನಿಂತು ಓದುತ್ತೇನೆ.